ಮ್ಯಾನುಯಲ್ ಕಾರಿನ ಸ್ಟಾರ್ಟ್-ಸ್ಟಾಪ್: ಕೊಡಗಿನ ರಸ್ತೆಯಲ್ಲಿ ಯಾವಾಗ ಬಿಡಬೇಕು, ಯಾವಾಗ ತಡೆಯಬೇಕು

ಕುಶಾಲನಗರದ ಪೇಟೆಯಲ್ಲಿ ಮುಂದಿನ ಬಸ್ಸು ಜನ ಹತ್ತಿಸಿಕೊಳ್ಳಲು ನಿಲ್ಲುತ್ತದೆ. ನೀವೂ ನಿಲ್ಲಿಸುತ್ತೀರಿ, ಗೇರ್ ನ್ಯೂಟ್ರಲ್‌ಗೆ ತಂದು ಕ್ಲಚ್‌ನಿಂದ ಕಾಲು ತೆಗೆಯುತ್ತೀರಿ, ಇಂಜಿನ್ ತಾನಾಗಿಯೇ ಆಫ್ ಆಗುತ್ತದೆ. ಹೊಸ ಕಾರು ತಗೊಂಡವರು ಇಲ್ಲಿ ಒಮ್ಮೆ ಗಾಬರಿಯಾಗುತ್ತಾರೆ. ಕೈ ಸೀದಾ ಕೀ ಕಡೆಗೆ ಹೋಗುತ್ತದೆ, ಹಿಂದಿನ ಜೀಪಿನವರು ಹಾರ್ನ್ ಶುರು ಮಾಡುತ್ತಾರೆ. ಸಂಜೆ ಯಾರಾದರೂ ಒಬ್ಬರು "ಆ ಬಟನ್ ಒತ್ತಿ ಆಫ್ ಮಾಡಿಬಿಡಿ ಅಣ್ಣ, ಅದರಿಂದ ಸುಮ್ನೆ ತಲೆನೋವು" ಅಂತ ಸಲಹೆ ಕೊಡುತ್ತಾರೆ. ಆಮೇಲೆ ಕಾರು ಇರುವಷ್ಟು ದಿನ ಸ್ಟಾರ್ಟ್ ಮಾಡಿದ ಕೂಡಲೇ ಸ್ಟಾರ್ಟ್-ಸ್ಟಾಪ್ ಬಂದ್ ಮಾಡುವ ಆ ಬಟನ್ ಒತ್ತುವುದೇ ಕೆಲಸ.

ಆ ಸಲಹೆ ನನಗೆ ಒಪ್ಪಿಗೆ ಇಲ್ಲ. ಆಟೊಮ್ಯಾಟಿಕ್ ಕಾರಿನಲ್ಲಾದರೆ ಬ್ರೇಕ್ ಒತ್ತಿ ನಿಂತರೆ ಸಾಕು, ಇಂಜಿನ್ ನಿಂತುಬಿಡುತ್ತದೆ. ಮ್ಯಾನುಯಲ್ ಕಾರು ಹಾಗೆ ಮಾಡುವುದಿಲ್ಲ, ಅದು ನಿಮ್ಮ ಎಡಗಾಲಿನ ಮಾತು ಕೇಳುತ್ತದೆ. ನ್ಯೂಟ್ರಲ್ ಮಾಡಿ ಕ್ಲಚ್ ಬಿಟ್ಟರೆ ಮಾತ್ರ ಇಂಜಿನ್ ನಿಲ್ಲುತ್ತದೆ, ಕ್ಲಚ್ ಒತ್ತಿದರೆ ಮತ್ತೆ ಶುರುವಾಗುತ್ತದೆ. ಇಷ್ಟು ಗೊತ್ತಿದ್ದರೆ ಬಟನ್ ಮುಟ್ಟದೆಯೇ ಎಲ್ಲಿ ಇಂಜಿನ್ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಅಂತ ಹೆಚ್ಚಿನ ಸಲ ನೀವೇ ತೀರ್ಮಾನ ಮಾಡಬಹುದು. ಏರು, ಇಳಿಜಾರು, ಮಳೆ, ಆನೆ ಎಲ್ಲ ಇರುವ ನಮ್ಮ ಜಿಲ್ಲೆಯಲ್ಲಿ ಆ ತೀರ್ಮಾನ ನಮ್ಮ ಕೈಯಲ್ಲಿರುವುದು ಒಳ್ಳೆಯದು, ಅಲ್ವಾ?

ಹೆಸರು ಒಂದೊಂದು ಕಂಪನಿಗೆ ಒಂದೊಂದು. ಮಾರುತಿಯವರು ಐಡಲ್ ಸ್ಟಾರ್ಟ್ ಸ್ಟಾಪ್ ಅನ್ನುತ್ತಾರೆ, ಹ್ಯುಂಡೈ ಮತ್ತು ಕಿಯಾದವರು ಐಡಲ್ ಸ್ಟಾಪ್ ಅಂಡ್ ಗೋ ಅನ್ನುತ್ತಾರೆ, ಮಹೀಂದ್ರಾದವರು ಸ್ಕಾರ್ಪಿಯೋ, ಬೊಲೆರೋಗಳಲ್ಲಿ ಮೈಕ್ರೋ ಹೈಬ್ರಿಡ್ ಅಂತ ಕೊಟ್ಟಿದ್ದರು. ವಿಷಯ ಹೊಸದೇನಲ್ಲ. 1980ರ ದಶಕದಲ್ಲೇ ಫೋಕ್ಸ್‌ವ್ಯಾಗನ್ ಪೋಲೋದ ಒಂದು ಮಾದರಿಯಲ್ಲಿ ಇದು ಇತ್ತು. ಮಾರುತಿ ಸಿಯಾಜ್‌ನ ಡೀಸೆಲ್ ಕಾರಿಗೆ 2015ರಲ್ಲಿ ಬಂದ ಮೇಲೆ ನಮ್ಮ ಕಡೆಯೂ ಜಾಸ್ತಿ ಕಾಣಿಸತೊಡಗಿತು.

ಒಳಗೆ ಏನು ನಡೆಯುತ್ತದೆ

ಕ್ಲಚ್ ಪೆಡಲ್‌ನ ಹತ್ತಿರ ಸ್ವಿಚ್ ಇರುತ್ತದೆ, ಕೆಲವು ಕಾರುಗಳಲ್ಲಿ ಎರಡು. ಒಂದು ನೀವು ಪೆಡಲ್ ಮುಟ್ಟಿದಿರಾ ಅಂತ ನೋಡುತ್ತದೆ, ಇನ್ನೊಂದು ಪೂರ್ತಿ ಕೆಳಗೆ ಒತ್ತಿದಿರಾ ಅಂತ. ಗೇರ್‌ಬಾಕ್ಸ್‌ನಲ್ಲಿ ನ್ಯೂಟ್ರಲ್ ಸೆನ್ಸರ್ ಇರುತ್ತದೆ. ಈ ಎರಡು ಕಡೆಯ ಸುದ್ದಿ ಇಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ಹೋಗುತ್ತದೆ. ಚಕ್ರದ ವೇಗದ ಸೆನ್ಸರ್ "ಗಾಡಿ ನಿಂತಿದೆ" ಅನ್ನಬೇಕು, ನ್ಯೂಟ್ರಲ್ ಸೆನ್ಸರ್ "ಗೇರ್ ಇಲ್ಲ" ಅನ್ನಬೇಕು, ಕ್ಲಚ್ ಸ್ವಿಚ್ "ಕಾಲು ಬಿಟ್ಟಿದ್ದಾರೆ" ಅನ್ನಬೇಕು. ಮೂರೂ ಸೇರಿದಾಗ ಇಸಿಯು ಇಂಜೆಕ್ಟರಿಗೆ ಪೆಟ್ರೋಲ್ ಬಿಡುವುದನ್ನು ನಿಲ್ಲಿಸುತ್ತದೆ. ಇಂಜಿನ್ ಒಂದೆರಡು ಸುತ್ತು ತಿರುಗಿ ನಿಲ್ಲುತ್ತದೆ. ಕ್ರ್ಯಾಂಕ್ ಎಲ್ಲಿ ನಿಂತಿತು ಅನ್ನುವುದನ್ನೂ ಹಲವು ಕಾರುಗಳು ನೆನಪಿಟ್ಟುಕೊಳ್ಳುತ್ತವೆ. ಮತ್ತೆ ಶುರು ಮಾಡುವಾಗ ಯಾವ ಸಿಲಿಂಡರಿಗೆ ಮೊದಲು ಪೆಟ್ರೋಲ್ ಕೊಡಬೇಕು ಅಂತ ಹುಡುಕುತ್ತಾ ಕೂರಬಾರದಲ್ಲ, ಅದಕ್ಕೆ.

ಈಗ ಮುಂದಿನ ಬಸ್ಸು ಹೊರಡುತ್ತದೆ, ನಿಮ್ಮ ಎಡಗಾಲು ಕ್ಲಚ್ ಮೇಲೆ ಬೀಳುತ್ತದೆ. ಪೆಡಲ್ ಕೆಳಗೆ ಹೋಗುವಷ್ಟರಲ್ಲಿ ಸೆಲ್ಫ್ ಮೋಟರ್ ಇಂಜಿನ್ನನ್ನು ತಿರುಗಿಸಿರುತ್ತದೆ, ಕೈ ಗೇರ್ ಲಿವರಿಗೆ ಹೋಗಿ ಫಸ್ಟ್ ಬೀಳುವ ಹೊತ್ತಿಗೆ ಇಂಜಿನ್ ಓಡುತ್ತಿರುತ್ತದೆ. ಎಲ್ಲ ಸೇರಿ ಅರ್ಧ ಸೆಕೆಂಡಿನ ಆಸುಪಾಸು. ಮಾರುತಿಯ ಸ್ಮಾರ್ಟ್ ಹೈಬ್ರಿಡ್ ಕಾರುಗಳಲ್ಲಿ ಈ ಕೆಲಸವನ್ನು ಬೆಲ್ಟಿನಲ್ಲಿ ತಿರುಗುವ ಐಎಸ್‌ಜಿ (ಇಂಟಿಗ್ರೇಟೆಡ್ ಸ್ಟಾರ್ಟರ್ ಜನರೇಟರ್) ಅನ್ನುವ ಮೋಟರ್ ಮಾಡುತ್ತದೆ. ಅದು ಡೈನಮೊ ಕೂಡ ಹೌದು, ಸೆಲ್ಫ್ ಕೂಡ ಹೌದು. ಹಲ್ಲು ಹಲ್ಲಿಗೆ ಸಿಕ್ಕುವ ಆ "ಕರ್ರ್" ಸದ್ದು ಇಲ್ಲದ ಕಾರಣ ಇಂಜಿನ್ ಶುರುವಾಗಿದ್ದು ಗೊತ್ತೇ ಆಗುವುದಿಲ್ಲ.

ಒಂದು ಭಯ ಎಲ್ಲರಿಗೂ ಇರುತ್ತದೆ: ಪದೇ ಪದೇ ಸ್ಟಾರ್ಟ್ ಆದರೆ ಸೆಲ್ಫ್ ಹೋಗಿಬಿಡುವುದಿಲ್ಲವಾ? ಮಾಮೂಲಿ ಕಾರಿನ ಸೆಲ್ಫ್ ಆಗಿದ್ದರೆ ಬೇಗ ಸವೆಯುತ್ತಿತ್ತು, ನಿಜ. ಆದರೆ ಈ ಕಾರುಗಳಿಗೆ ಕಂಪನಿಯವರು ಹಾಕುವ ಸೆಲ್ಫೇ ಬೇರೆ. ಅದರ ಬ್ರಷ್, ಪಿನಿಯನ್, ಬೇರಿಂಗ್ ಎಲ್ಲ ಹಲವು ಪಟ್ಟು ಜಾಸ್ತಿ ಸ್ಟಾರ್ಟ್‌ಗಳಿಗೆ ಅಂತಲೇ ಮಾಡಿದ್ದು. ಇಂಜಿನ್ ಬಿಸಿಯಾಗಿರುವಾಗಿನ ಸ್ಟಾರ್ಟ್ ಬೇರೆ, ಡಿಸೆಂಬರ್ ಬೆಳಿಗ್ಗೆ ಮಂಜಿನಲ್ಲಿ ನಿಂತ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡುವುದು ಬೇರೆ. ಮೊದಲನೆಯದರಲ್ಲಿ ಆಯಿಲ್ ಇನ್ನೂ ಬೇರಿಂಗ್‌ಗಳಲ್ಲಿ ಇರುತ್ತದೆ, ಅಷ್ಟು ಸವೆತ ಇಲ್ಲ.

ಮೊದಲು ಮನೆ ಹತ್ತಿರವೇ ಕಲಿಯಿರಿ

ಪೇಟೆಯಲ್ಲಿ ಕಲಿಯಲು ಹೋಗಬೇಡಿ. ಒಂದು ಹತ್ತು ಹದಿನೈದು ನಿಮಿಷ ಓಡಿಸಿ ಇಂಜಿನ್ ಬಿಸಿಯಾದ ಮೇಲೆ ಮನೆ ಮುಂದಿನ ಸಮತಟ್ಟು ಜಾಗಕ್ಕೆ ಬನ್ನಿ. ಕಾಫಿ ಒಣಗಿಸುವ ಕಣ ಖಾಲಿ ಇದ್ದರೆ ಇನ್ನೂ ಒಳ್ಳೆಯದು. ಸೀಟ್ ಬೆಲ್ಟ್ ಹಾಕಿಕೊಂಡೇ ಇರಿ, ಬೆಲ್ಟ್ ಇಲ್ಲದೆ ಹೆಚ್ಚಿನ ಕಾರುಗಳಲ್ಲಿ ಇದು ಕೆಲಸ ಮಾಡುವುದಿಲ್ಲ.

ಸ್ವಲ್ಪ ಮುಂದೆ ಓಡಿಸಿ ನಿಲ್ಲಿಸಿ. ಬ್ರೇಕ್ ಮೇಲೆ ಕಾಲು ಇರಲಿ. ಗೇರ್ ನ್ಯೂಟ್ರಲ್‌ಗೆ ತನ್ನಿ, ಆದರೆ ಕ್ಲಚ್ ಬಿಡಬೇಡಿ. ಇಂಜಿನ್ ಓಡುತ್ತಲೇ ಇರುತ್ತದೆ. ಈಗ ಕ್ಲಚ್ ನಿಧಾನವಾಗಿ ಬಿಡಿ. ಇಂಜಿನ್ ನಿಲ್ಲುತ್ತದೆ, ಮೀಟರಿನಲ್ಲಿ ಬಾಣದ ಸುತ್ತಿನ ಒಳಗೆ "ಎ" ಅಕ್ಷರದ ಹಸಿರು ದೀಪ ಬರುತ್ತದೆ. ಮತ್ತೆ ಕ್ಲಚ್ ಒತ್ತಿ, ಶುರುವಾಗುತ್ತದೆ. ಇಷ್ಟನ್ನೇ ನಾಲ್ಕಾರು ಸಲ ಮಾಡಿ.

ಆಮೇಲೆ ಇನ್ನೊಂದು. ನಿಲ್ಲಿಸಿ, ಕ್ಲಚ್ ಒತ್ತಿಕೊಂಡೇ ಫಸ್ಟ್ ಗೇರಿನಲ್ಲಿ ಇರಿ. ಎಷ್ಟು ಹೊತ್ತಾದರೂ ಇಂಜಿನ್ ನಿಲ್ಲುವುದಿಲ್ಲ. ಇದು ನಿಮ್ಮ ಕೈಯಲ್ಲಿರುವ ತಡೆ. ಎರಡು ಮೂರು ಸೆಕೆಂಡಿನಲ್ಲಿ ಹೊರಡುತ್ತೀರಿ ಅಂತ ಗೊತ್ತಿದ್ದರೆ ಹೀಗೆ ಇರಿ, ಜಾಸ್ತಿ ಹೊತ್ತು ನಿಲ್ಲಬೇಕಾದರೆ ನ್ಯೂಟ್ರಲ್ ಮಾಡಿ ಬಿಡಿ. ಕ್ಲಚ್ ಒತ್ತಿಕೊಂಡು ನಿಮಿಷಗಟ್ಟಲೆ ಕೂತರೆ ರಿಲೀಸ್ ಬೇರಿಂಗ್ ಸವೆಯುತ್ತದೆ, ಕಾಲೂ ನೋಯುತ್ತದೆ. ಜಾಸ್ತಿ ಹೊತ್ತು ನಿಂತಿದ್ದು ಇಂಜಿನ್ ಕೂಡ ಓಡುತ್ತಿರಬೇಕು ಅಂತಿದ್ದರೆ ಆಗ ಬಟನ್ ಒತ್ತಿ. ಆ ಬಟನ್ ಇರುವುದೇ ಅದಕ್ಕೆ. ಹೆಚ್ಚಿನ ಕಾರುಗಳಲ್ಲಿ ಒಮ್ಮೆ ಕೀ ತೆಗೆದು ಮತ್ತೆ ಹಾಕಿದರೆ ಬಟನ್ ಮೊದಲಿನ ಸ್ಥಿತಿಗೆ ಬರುತ್ತದೆ, ಸ್ಟಾರ್ಟ್-ಸ್ಟಾಪ್ ಆನ್ ಆಗಿರುತ್ತದೆ.

ಹೊರಡುವ ಅವಸರದಲ್ಲಿ ಕ್ಲಚ್ ಬೇಗ ಬಿಟ್ಟು ಇಂಜಿನ್ ಆಫ್ ಆದರೆ ಕೂಡಲೇ ಕೀಗೆ ಕೈ ಹಾಕಬೇಡಿ. ಮೊದಲು ಕ್ಲಚ್ ಪೂರ್ತಿ ಒತ್ತಿ ನೋಡಿ. ಹಲವು ಕಾರುಗಳಲ್ಲಿ ಹೀಗೆ ಆಫ್ ಆದ ಇಂಜಿನ್ನನ್ನೂ ಇದೇ ವ್ಯವಸ್ಥೆ ಮತ್ತೆ ಸ್ಟಾರ್ಟ್ ಮಾಡಿಕೊಡುತ್ತದೆ. ಗಾಡಿ ಕಲಿಯುವ ಮಕ್ಕಳಿಗೆ ಇದು ದೊಡ್ಡ ಉಪಕಾರ.

ಕೆಲಸ ಮಾಡದಿದ್ದರೆ ಕಾರು ಹಾಳಾಗಿದೆ ಅಂತ ಅಲ್ಲ

"ನಮ್ಮ ಕಾರಿನಲ್ಲಿ ಅದು ಒಂದು ದಿನ ಆಗುತ್ತದೆ, ಒಂದು ದಿನ ಆಗುವುದಿಲ್ಲ" ಅನ್ನುವುದು ಕೊಡಗಿನಲ್ಲಿ ತುಂಬಾ ಕೇಳುವ ಮಾತು. ಕಾರಣ ಹೆಚ್ಚಾಗಿ ಕಾರಿನದಲ್ಲ, ನಮ್ಮ ಓಡಾಟದ್ದು.

ಇಸಿಯು ಇಂಜಿನ್ ನಿಲ್ಲಿಸುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಈಗ ನಿಲ್ಲಿಸಿದರೆ ಮತ್ತೆ ಖಂಡಿತ ಸ್ಟಾರ್ಟ್ ಆಗುತ್ತದಾ, ಒಳಗಿರುವವರಿಗೆ ತೊಂದರೆ ಆಗುವುದಿಲ್ಲವಾ? ಸಂಶಯ ಬಂದರೆ ನಿಲ್ಲಿಸುವುದಿಲ್ಲ. ಇಂಜಿನ್ ಬಿಸಿಯಾಗಿಲ್ಲದಿದ್ದರೆ ಇಲ್ಲ. ಬ್ಯಾಟರಿಯಲ್ಲಿ ಚಾರ್ಜ್ ಕಮ್ಮಿ ಇದ್ದರೆ ಇಲ್ಲ. ಡ್ರೈವರ್ ಬಾಗಿಲೋ ಬಾನೆಟ್ಟೋ ತೆರೆದಿದ್ದರೆ ಇಲ್ಲ. ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿನಲ್ಲಿ ವ್ಯಾಕ್ಯೂಮ್ ಸಾಲದಿದ್ದರೆ ಇಲ್ಲ. ಮುಂದಿನ ಗಾಜಿನ ಡಿಫಾಗರ್ ಹಾಕಿದ್ದರೆ ಹೆಚ್ಚಿನ ಕಾರುಗಳಲ್ಲಿ ಇಲ್ಲ. ರಸ್ತೆ ತುಂಬಾ ಕಡಿದಾಗಿದ್ದರೆ ಹಲವು ಕಾರುಗಳಲ್ಲಿ ಇಲ್ಲ. ಡೀಸೆಲ್ ಕಾರಾದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ತನ್ನೊಳಗಿನ ಮಸಿ ಸುಡುತ್ತಿರುವಾಗಲೂ ಇಲ್ಲ.

ಈಗ ನಮ್ಮ ಜೀವನ ನೋಡಿ. ತೋಟದ ಮನೆಯಿಂದ ಮೂರು ನಾಲ್ಕು ಕಿಲೋಮೀಟರ್ ದೂರದ ಪೇಟೆಗೆ ಹೋಗಿ ಹಾಲು, ತರಕಾರಿ ತಂದು ವಾಪಸ್. ಇಂಜಿನ್ ಬಿಸಿಯಾಗುವ ಹೊತ್ತಿಗೆ ಮನೆ ಬಂತು. ಸೆಲ್ಫ್ ತೆಗೆದುಕೊಂಡ ಕರೆಂಟ್ ಬ್ಯಾಟರಿಗೆ ವಾಪಸ್ ತುಂಬುವಷ್ಟು ಹೊತ್ತು ಡೈನಮೊ ತಿರುಗಲೇ ಇಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಕಾರು ವಾರಗಟ್ಟಲೆ ಶೆಡ್‌ನಲ್ಲೇ ಇರುತ್ತದೆ, ಹೊರಗೆ ತೆಗೆದರೆ ವೈಪರ್, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಒಟ್ಟಿಗೆ ಆನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಟಾರ್ಟ್-ಸ್ಟಾಪ್ ಕೆಲಸ ಮಾಡದೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಸರಿಯಾಗಿಯೇ ಯೋಚಿಸುತ್ತಿದೆ. ಬೇಸಿಗೆಯಲ್ಲಿ ಮೈಸೂರಿಗೋ ಮಂಗಳೂರಿಗೋ ಒಂದು ಸಲ ಹೋಗಿ ಬಂದ ಮೇಲೂ ಆಗದಿದ್ದರೆ ಆಗ ಬ್ಯಾಟರಿ ತೋರಿಸಿ.

ಒಂದು ವಿಷಯದಲ್ಲಿ ನಮಗೆ ಲಾಭ ಇದೆ. ಬಯಲುಸೀಮೆಯಲ್ಲಿ ಇಂಜಿನ್ ನಿಂತ ಒಂದೆರಡು ನಿಮಿಷಕ್ಕೇ ಕಾರಿನೊಳಗೆ ಸೆಕೆ ಏರುತ್ತದೆ. ಎಸಿ ಕಂಪ್ರೆಸರ್ ಇಂಜಿನ್ ಬೆಲ್ಟಿನಲ್ಲೇ ತಿರುಗುವುದರಿಂದ ಇಂಜಿನ್ ನಿಂತರೆ ತಂಪು ಗಾಳಿಯೂ ನಿಲ್ಲುತ್ತದೆ, ಹಾಗಾಗಿ ಇಸಿಯು ತಾನೇ ಇಂಜಿನ್ ಸ್ಟಾರ್ಟ್ ಮಾಡುತ್ತದೆ. ಮಡಿಕೇರಿಯ ಹವೆಗೆ ಎಸಿಯೇ ಬೇಡ, ಕಿಟಕಿ ಇಳಿಸಿದರೆ ಸಾಕು, ಇಂಜಿನ್ ಜಾಸ್ತಿ ಹೊತ್ತು ನಿಂತೇ ಇರುತ್ತದೆ.

ನೀವು ಕ್ಲಚ್ ಮುಟ್ಟದೆಯೂ ಇಂಜಿನ್ ಸ್ಟಾರ್ಟ್ ಆಗಬಹುದು ಅನ್ನುವುದು ಇದರಿಂದ ಗೊತ್ತಾಗುತ್ತದೆ. ನಿಂತಲ್ಲೇ ಬ್ರೇಕ್ ಪೆಡಲ್ ಪದೇ ಪದೇ ಒತ್ತಿದರೆ ವ್ಯಾಕ್ಯೂಮ್ ಖಾಲಿಯಾಗುತ್ತದೆ, ಆಗಲೂ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಇಳಿದರೂ ಅಷ್ಟೇ. ಅದಕ್ಕೇ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಹಸಿರು ದೀಪ ಉರಿಯುತ್ತಿರುವಾಗ ಯಾವತ್ತೂ ಬಾನೆಟ್ ಎತ್ತಿ ಕೈ ಹಾಕಬೇಡಿ. ಬಾನೆಟ್ ತೆರೆದರೆ ವ್ಯವಸ್ಥೆ ಬಂದ್ ಆಗಬೇಕು, ಆದರೆ ಕೆಸರು, ತುಕ್ಕು ಹಿಡಿದು ಆ ಸ್ವಿಚ್ಚೇ ಕೆಟ್ಟಿದ್ದರೆ? ಕೀ ತೆಗೆದು ಪೂರ್ತಿ ಆಫ್ ಮಾಡಿದ ಮೇಲೆಯೇ ಬೆಲ್ಟ್, ಫ್ಯಾನ್ ಹತ್ತಿರ ಹೋಗಿ.

ಇನ್ನೊಂದು, ಇಂಜಿನ್ ಸದ್ದಿಲ್ಲ ಅಂತ ಕಾರು ಆಫ್ ಆಗಿದೆ ಅಂದುಕೊಂಡು ಇಳಿದು ಹೋಗುವುದು. ಮನೆಯಲ್ಲಿ ವಯಸ್ಸಾದವರು ಗಾಡಿ ಓಡಿಸುತ್ತಾರೆ ಅಂದರೆ ಅವರಿಗೆ ಇದನ್ನು ಮೊದಲೇ ಹೇಳಿ. ಬೆಲ್ಟ್ ಬಿಚ್ಚಿ ಬಾಗಿಲು ತೆರೆದರೆ ಕಾರು ಕೂಗುತ್ತದೆ, ಮೀಟರಿನಲ್ಲಿ ಸೂಚನೆ ಬರುತ್ತದೆ. ಆ ಕೂಗು ಕೇಳಿದರೆ ಮತ್ತೆ ಕೂತು ಹ್ಯಾಂಡ್ ಬ್ರೇಕ್ ಎಳೆದು, ಇಗ್ನಿಷನ್ ಪೂರ್ತಿ ಆಫ್ ಮಾಡಿ ಇಳಿಯಬೇಕು. ಬೆಲ್ಟ್ ಬಿಚ್ಚಿ ಬಾಗಿಲು ತೆರೆದ ಮೇಲೆ ಹಲವು ಕಾರುಗಳಲ್ಲಿ ಕ್ಲಚ್ ಒತ್ತಿದರೂ ಸ್ಟಾರ್ಟ್ ಆಗುವುದಿಲ್ಲ, ಕೀ ಅಥವಾ ಇಂಜಿನ್ ಸ್ಟಾರ್ಟ್ ಬಟನ್‌ನಿಂದಲೇ ಸ್ಟಾರ್ಟ್ ಮಾಡಬೇಕಾಗುತ್ತದೆ.

ಏರು ರಸ್ತೆಯಲ್ಲಿ ನಿಂತಾಗ

ಮಡಿಕೇರಿ ಪೇಟೆಯಲ್ಲಿ ಸಮತಟ್ಟು ರಸ್ತೆ ಹುಡುಕಬೇಕು. ಶನಿವಾರ, ಭಾನುವಾರ ಪ್ರವಾಸಿಗರ ಗಾಡಿ, ಶುಕ್ರವಾರ ಸಂತೆ, ದಸರಾ ರಾತ್ರಿಯಂತೂ ಕೇಳುವುದೇ ಬೇಡ. ಜನರಲ್ ತಿಮ್ಮಯ್ಯ ವೃತ್ತದ ಕಡೆಗೆ ಏರುವಾಗ ಮುಂದೆ ಸಾಲು ನಿಂತಿತು, ನೀವೂ ಏರಿನಲ್ಲಿ ನಿಂತಿರಿ ಅಂತ ಇಟ್ಟುಕೊಳ್ಳಿ.

ನ್ಯೂಟ್ರಲ್ ಮಾಡುವ ಮೊದಲು ಹ್ಯಾಂಡ್ ಬ್ರೇಕ್ ಎಳೆಯಿರಿ. ಇದನ್ನು ಅಭ್ಯಾಸ ಮಾಡಿಕೊಂಡರೆ ಅರ್ಧ ಸಮಸ್ಯೆ ಮುಗಿಯಿತು. ಇಂಜಿನ್ ನಿಂತರೆ ನಿಲ್ಲಲಿ. ಹೊರಡುವಾಗ ಕ್ಲಚ್ ಪೂರ್ತಿ ಒತ್ತಿ, ಆರ್‌ಪಿಎಂ ಮುಳ್ಳು ಮೇಲೆ ಬಂದದ್ದನ್ನು ಕಣ್ಣಿನಿಂದ ನೋಡಿ, ಫಸ್ಟ್ ಹಾಕಿ, ಕ್ಲಚ್ ನಿಧಾನವಾಗಿ ಬಿಡುತ್ತಾ ಬನ್ನಿ. ಗಾಡಿ ಮುಂದಕ್ಕೆ ಎಳೆಯುತ್ತಿದೆ, ಬಾನೆಟ್ ಸ್ವಲ್ಪ ಎದ್ದಿತು ಅನ್ನುವಾಗ ಹ್ಯಾಂಡ್ ಬ್ರೇಕ್ ಇಳಿಸಿ. ಕೆಲವರು ಗಡಿಬಿಡಿಯಲ್ಲಿ ಬ್ರೇಕ್ ಬಿಟ್ಟು, ಕ್ಲಚ್ ಒತ್ತಿ, ಇಂಜಿನ್ ಸ್ಟಾರ್ಟ್ ಆಗಲಿ ಅಂತ ಕಾಯುತ್ತಾರೆ. ಆ ಅರ್ಧ ಸೆಕೆಂಡ್ ಸಾಕು, ಗಾಡಿ ಹಿಂದಕ್ಕೆ ಉರುಳಿ ಹಿಂದಿನವರ ಬಂಪರಿಗೆ ತಾಗುತ್ತದೆ. ಹಿಲ್ ಹೋಲ್ಡ್ ಇರುವ ಕಾರಾದರೂ ಅದು ಹಿಡಿದುಕೊಳ್ಳುವುದು ಸುಮಾರು ಎರಡು ಸೆಕೆಂಡ್ ಮಾತ್ರ, ಅದನ್ನೇ ನಂಬಿ ಕೂರಬೇಡಿ.

ಸಾಲು ಮೀಟರ್ ಮೀಟರ್ ಲೆಕ್ಕದಲ್ಲಿ ಮುಂದೆ ಹೋಗುತ್ತಿದ್ದರೆ ಇಂಜಿನ್ ನಿಲ್ಲಿಸಿ ಪ್ರಯೋಜನ ಇಲ್ಲ, ಬಟನ್ ಒತ್ತಿ ಬಂದ್ ಮಾಡಿ. ಸ್ಟೀರಿಂಗ್ ತಿರುಗಿಸುತ್ತಾ ಹಿಂದೆ ಮುಂದೆ ಮಾಡಿ ಪಾರ್ಕ್ ಮಾಡುವಾಗಲೂ ಅಷ್ಟೇ.

ಇಳಿಜಾರಿನಲ್ಲಿ ಬೇಡವೇ ಬೇಡ

ಇದು ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ, ಪೆರುಂಬಾಡಿಯಿಂದ ಮಾಕುಟ್ಟದ ಕಡೆಗೆ ಇಳಿಯುವಾಗ ನ್ಯೂಟ್ರಲ್ ಮಾಡಿ, ಇಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸುವ ಹಳೆಯ ಚಾಳಿ ಕೆಲವರಲ್ಲಿ ಇನ್ನೂ ಇದೆ. "ಕಂಪನಿಯವರೇ ಇಂಜಿನ್ ಆಫ್ ಆಗುವ ಸಿಸ್ಟಮ್ ಕೊಟ್ಟಿದ್ದಾರಲ್ಲ, ನಾವು ಮಾಡಿದರೇನು" ಅಂತ ಈಗ ಒಂದು ಹೊಸ ಸಮರ್ಥನೆಯೂ ಸಿಕ್ಕಿದೆ. ದಯವಿಟ್ಟು ಮಾಡಬೇಡಿ.

ಸ್ಟಾರ್ಟ್-ಸ್ಟಾಪ್ ಇಂಜಿನ್ ನಿಲ್ಲಿಸುವುದು ಗಾಡಿ ನಿಂತಾಗ, ಕೆಲವು ಕಾರುಗಳಲ್ಲಿ ನಿಲ್ಲುವ ಮುಂಚಿನ ಆಮೆ ವೇಗದಲ್ಲಿ. ಇಳಿಜಾರಿನಲ್ಲಿ ಓಡುತ್ತಿರುವ ಗಾಡಿಯ ಇಂಜಿನ್ ಆಫ್ ಮಾಡಿದರೆ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಬರುವುದು ನಿಲ್ಲುತ್ತದೆ. ಒಳಗೆ ಉಳಿದ ವ್ಯಾಕ್ಯೂಮ್ ಕೆಲವೇ ಸಲ ಒತ್ತುವಷ್ಟಕ್ಕೆ ಮಾತ್ರ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಸ್ಟೀರಿಂಗ್ ಕೂಡ ಗಟ್ಟಿಯಾಗಬಹುದು. ಇಂಜಿನ್ ಬ್ರೇಕಿಂಗ್ ಇಲ್ಲದ ಕಾರಣ ಪೂರ್ತಿ ಭಾರ ಬ್ರೇಕ್ ಪ್ಯಾಡ್ ಮೇಲೆ ಬಿದ್ದು ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಎದುರಿಗೆ ಲಾರಿ ಬಂದಾಗ ಇಷ್ಟೆಲ್ಲ ಒಟ್ಟಿಗೆ ಆಗುತ್ತದೆ.

ಉಳಿತಾಯ ಆದರೂ ಇದೆಯಾ ಅಂದರೆ ಅದೂ ಇಲ್ಲ. ಇಂಜೆಕ್ಷನ್ ಇರುವ ಇಂಜಿನ್ ಗೇರಿನಲ್ಲಿದ್ದು, ನೀವು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುತ್ತಿರುವಾಗ ಇಸಿಯು ಇಂಜೆಕ್ಟರ್‌ಗಳನ್ನು ಮುಚ್ಚಿರುತ್ತದೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ, ಒಂದು ಹನಿ ಪೆಟ್ರೋಲ್ ಖರ್ಚಾಗುವುದಿಲ್ಲ. ನ್ಯೂಟ್ರಲ್ ಮಾಡಿದರೆ ಇಂಜಿನ್ ಐಡ್ಲಿಂಗ್‌ಗೆ ಬರುತ್ತದೆ, ಆಗಲೇ ಪೆಟ್ರೋಲ್ ಸುಡುವುದು. ಆ ರಸ್ತೆ ಏರುವಾಗ ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ, ಎರಡಾದರೆ ಎರಡು, ಮೂರಾದರೆ ಮೂರು.

ಏರಿ ಬಂದ ಮೇಲಿನ ಒಂದು ಮಾತೂ ಇದೆ. ಟರ್ಬೊ ಇರುವ ಕಾರಿನಲ್ಲಿ ಸಂಪಾಜೆಯಿಂದ ಒಂದೇ ಉಸಿರಿಗೆ ಏರಿ ಬಂದು ಕೂಡಲೇ ನಿಲ್ಲಿಸಿದರೆ, ಹೆಚ್ಚಿನ ಕಾರುಗಳು ಬಿಸಿ ನೋಡಿ ತಾವೇ ಇಂಜಿನ್ ನಿಲ್ಲಿಸದೆ ಓಡಿಸುತ್ತವೆ. ಹಾಗೆ ಓಡುತ್ತಿದ್ದರೆ ಅವಸರಪಟ್ಟು ಕೀ ತಿರುಗಿಸಬೇಡಿ, ಒಂದೆರಡು ನಿಮಿಷ ಬಿಡಿ.

ಆನೆ, ಹೊಳೆ ನೀರು

ತಿತಿಮತಿ, ಆನೆಚೌಕೂರು, ಆನೆಕಾಡು, ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆ ಓಡಾಡುವವರು ಇದನ್ನು ಸರಿಯಾಗಿ ಓದಿ. ರಾತ್ರಿ ತಿರುವಿನಲ್ಲಿ ಆನೆ ಕಂಡು ದೂರದಲ್ಲೇ ನಿಲ್ಲಿಸುತ್ತೀರಿ. ಭಯದಲ್ಲಿ ಕೈ ತಾನಾಗಿ ನ್ಯೂಟ್ರಲ್ ಮಾಡುತ್ತದೆ, ಕಾಲು ಕ್ಲಚ್ ಬಿಡುತ್ತದೆ, ಇಂಜಿನ್ ನಿಲ್ಲುತ್ತದೆ. ಆನೆ ನಿಮ್ಮ ಕಡೆ ತಿರುಗಿದರೆ ಮತ್ತೆ ಸ್ಟಾರ್ಟ್ ಮಾಡುವ ಆ ಅರ್ಧ ಸೆಕೆಂಡ್ ನಿಮ್ಮದಲ್ಲ, ಅದರ ಮೇಲೆ ಕೈ ನಡುಗಿ ಕ್ಲಚ್ ಬೇಗ ಬಿಟ್ಟರೆ ಮತ್ತೆ ಆಫ್. ಹಾಗಾಗಿ ಇಂತಹ ರಸ್ತೆಗೆ ಇಳಿಯುವ ಮೊದಲೇ ಬಟನ್ ಒತ್ತಿ ಬಂದ್ ಮಾಡಿ. ಒತ್ತಲು ಮರೆತಿದ್ದರೆ ಕ್ಲಚ್ ಒತ್ತಿಕೊಂಡೇ ಇರಿ, ಗೇರ್ ಹಾಕಿಯೇ ಇರಲಿ, ಬೇಕಾದರೆ ರಿವರ್ಸ್. ಹಾರ್ನ್ ಬೇಡ, ಆಕ್ಸಿಲರೇಟರ್ ಒತ್ತಿ ಇಂಜಿನ್ ಕೂಗಿಸುವುದೂ ಬೇಡ, ಇಳಿದು ಫೋಟೊ ತೆಗೆಯುವುದಂತೂ ಬೇಡವೇ ಬೇಡ.

ಹೊಳೆ ನೀರಿಗೂ ಇದೇ ಕ್ರಮ. ನಾಪೋಕ್ಲು, ಭಾಗಮಂಡಲದ ಕಡೆ ಕಾವೇರಿ ಉಕ್ಕಿ ರಸ್ತೆ ಮೇಲೆ ನೀರು ಬಂದಾಗ ಮೊದಲನೆಯ ಸಲಹೆ ನೀರಿಗೆ ಇಳಿಯಬೇಡಿ ಅಂತಲೇ. ಪಾದ ಮುಳುಗುವಷ್ಟು ನೀರು, ದಾಟಲೇಬೇಕು ಅಂದರೆ ಸ್ಟಾರ್ಟ್-ಸ್ಟಾಪ್ ಬಂದ್ ಮಾಡಿ, ಫಸ್ಟ್ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗಿ. ನಡುವೆ ಇಂಜಿನ್ ನಿಂತರೆ ಸೈಲೆನ್ಸರಿನಿಂದ ನೀರು ಒಳಗೆ ಬರಲು ದಾರಿಯಾಗುತ್ತದೆ.

ಬ್ಯಾಟರಿ: ಇಲ್ಲಿ ಉಳಿಸಲು ಹೋಗಬೇಡಿ

ಸ್ಟಾರ್ಟ್-ಸ್ಟಾಪ್ ಕಾರಿಗೆ ಬರುವುದು ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ. ಪದೇ ಪದೇ ಸ್ವಲ್ಪ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವ ಕೆಲಸವನ್ನು ತಾಳಿಕೊಳ್ಳುವಂತೆ ಮಾಡಿದ್ದು. ಮಾಮೂಲಿ ಬ್ಯಾಟರಿಗಿಂತ ಬೆಲೆ ಜಾಸ್ತಿ. ಹಳೆಯದು ಹೋದಾಗ ಅಂಗಡಿಯವರು "ಇದೇ ಸೈಜ್, ಇದೇ ಆಂಪಿಯರ್, ಅರ್ಧ ರೇಟಿಗೆ ಬರುತ್ತದೆ" ಅಂತ ಮಾಮೂಲಿಯದನ್ನು ಹಾಕಿಕೊಡುತ್ತಾರೆ. ನಮ್ಮ ಪಕ್ಕದ ತೋಟದವರ ಕಾರಿಗೆ ಹೀಗೇ ಆಯಿತು. ಮೊದಲು ಚೆನ್ನಾಗಿಯೇ ಇತ್ತು, ಆಮೇಲೆ ಸ್ಟಾರ್ಟ್-ಸ್ಟಾಪ್ ಅಪರೂಪವಾಯಿತು, ಮುಂದಿನ ಮಳೆಗಾಲ ಮುಗಿಯುವ ಮೊದಲೇ ಬೆಳಿಗ್ಗೆ ಸೆಲ್ಫ್ ಎತ್ತಲಿಲ್ಲ. ಹೊಸದು ತರುವಾಗ ಹಳೆಯ ಬ್ಯಾಟರಿಯ ಮೇಲಿನ ಲೇಬಲ್‌ನ ಫೋಟೊ ತೆಗೆದುಕೊಂಡು ಹೋಗಿ, ಎಜಿಎಂ ಇದ್ದರೆ ಎಜಿಎಂ, ಇಎಫ್‌ಬಿ ಇದ್ದರೆ ಇಎಫ್‌ಬಿ ಕೇಳಿ ಹಾಕಿಸಿ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ್ದನ್ನು ಸ್ಕ್ಯಾನರ್ ಹಾಕಿ ಇಸಿಯುಗೆ ತಿಳಿಸಬೇಕು, ಅದನ್ನೂ ಮೊದಲೇ ಕೇಳಿಕೊಳ್ಳಿ.

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಒಂದು ಸೆನ್ಸರ್ ಕೂತಿರುತ್ತದೆ, ಅದಕ್ಕೊಂದು ಸಣ್ಣ ಪ್ಲಗ್. ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು, ಬ್ಯಾಟರಿ ಎಷ್ಟು ಬಿಸಿ ಅಂತ ಲೆಕ್ಕ ಇಡುವುದು ಅದೇ. ನಮ್ಮ ಮಂಜಿಗೆ ಅಂತ ಬಂಪರಿನಲ್ಲಿ ಎಕ್ಸ್‌ಟ್ರಾ ಫಾಗ್ ಲೈಟ್ ಹಾಕಿಸುವವರು ತುಂಬಾ ಜನ ಇದ್ದಾರೆ. ವಯರಿಂಗ್ ಮಾಡುವವರು ಲೈಟಿನ ಅರ್ಥ್ ವಯರ್ ತಂದು ಸೀದಾ ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಕಟ್ಟಿಬಿಟ್ಟರೆ ಆ ಲೈಟು ಕುಡಿಯುವ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಇಸಿಯು ಬ್ಯಾಟರಿ ತುಂಬಿದೆ ಅಂದುಕೊಂಡು ಇಂಜಿನ್ ನಿಲ್ಲಿಸುತ್ತದೆ, ಆಮೇಲೆ ಎತ್ತುವುದಿಲ್ಲ. ಅರ್ಥ್ ಅನ್ನು ಬಾಡಿಯ ಲೋಹಕ್ಕೆ ಕಟ್ಟಲು ಹೇಳಿ, ಪಕ್ಕದಲ್ಲಿ ನಿಂತು ನೋಡಿ.

ಜಂಪ್ ಸ್ಟಾರ್ಟ್ ಮಾಡುವಾಗಲೂ ಇದೇ. ಕೆಂಪು ಕ್ಲಿಪ್ ಪಾಸಿಟಿವ್‌ಗೆ, ಕಪ್ಪು ಕ್ಲಿಪ್ ಇಂಜಿನ್ ಅಥವಾ ಬಾಡಿಯ ಬಣ್ಣ ಇಲ್ಲದ ಗಟ್ಟಿ ಲೋಹಕ್ಕೆ. ಸೆನ್ಸರಿನ ಮೇಲೆ ಕಚ್ಚಿಸಬೇಡಿ.

ಎಷ್ಟು ಉಳಿಯುತ್ತದೆ ಅಂತ ಕೇಳಿದರೆ

ಪೆಟ್ರೋಲ್ ಕಾರು ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಸುಡುತ್ತದೆ, ಇಂಜಿನ್ ದೊಡ್ಡದಾದಷ್ಟೂ, ಎಸಿ ಹಾಕಿದಷ್ಟೂ ಜಾಸ್ತಿ. ದಿನಕ್ಕೆ ಹತ್ತು ನಿಮಿಷ ನಿಂತಿರಿ ಅಂದರೆ ಎಂಬತ್ತರಿಂದ ನೂರ ಎಪ್ಪತ್ತು ಮಿಲಿಲೀಟರ್ ಆಸುಪಾಸು. ನಮ್ಮಲ್ಲಿ ರೈಲೇ ಇಲ್ಲ, ಹಾಗಾಗಿ ರೈಲ್ವೆ ಗೇಟ್ ಕಾಯುವುದೂ ಇಲ್ಲ. ಹಳ್ಳಿಯಲ್ಲೇ ಓಡಾಡುವವರಿಗೆ ದೊಡ್ಡ ಉಳಿತಾಯ ಆಗುವುದಿಲ್ಲ. ವಾರಕ್ಕೆರಡು ಸಲ ಮೈಸೂರು, ಬೆಂಗಳೂರಿಗೆ ಹೋಗುವವರಿಗೆ, ಗೋಣಿಕೊಪ್ಪ, ಕುಶಾಲನಗರದ ಪೇಟೆಯಲ್ಲಿ ದಿನಾ ಸಿಕ್ಕಿಬೀಳುವವರಿಗೆ ಆಗುತ್ತದೆ. ಆದರೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಸಾಲಾಗಿ ನಿಂತ ಕಾರುಗಳು ಹೊಗೆ ಬಿಡದೆ ನಿಂತರೆ ಅಲ್ಲಿ ಓಡಾಡುವ ಮಕ್ಕಳಿಗೆ ಎಷ್ಟು ಒಳ್ಳೆಯದು. ನನಗೆ ಪೆಟ್ರೋಲಿನ ಲೆಕ್ಕಕ್ಕಿಂತ ಅದು ದೊಡ್ಡದು. ಅಲ್ಲಿ ಬಟನ್ ಒತ್ತಿ ಬಂದ್ ಮಾಡಲೇಬೇಡಿ.

ಕೊನೆಯದಾಗಿ ಸರ್ವಿಸ್ ವಿಷಯ. ಚಳಿಗಾಲ, ಬೇಸಿಗೆ, ದೂರದ ಓಡಾಟ ಎಲ್ಲ ಆದರೂ ಇಂಜಿನ್ ನಿಲ್ಲುತ್ತಲೇ ಇಲ್ಲ ಅಂದರೆ ಮೊದಲು ಬ್ಯಾಟರಿ ಟೆಸ್ಟ್ ಮಾಡಿಸಿ, ಆಮೇಲೆ ಕ್ಲಚ್ ಸ್ವಿಚ್, ನ್ಯೂಟ್ರಲ್ ಸೆನ್ಸರ್, ಬಾನೆಟ್ ಸ್ವಿಚ್ ಈ ಕ್ರಮದಲ್ಲಿ ನೋಡಲು ಹೇಳಿ. ಕೆಸರು ಗದ್ದೆಯಿಂದ ಬಂದ ಶೂ ಹಾಕಿಕೊಂಡೇ ಓಡಿಸುವ ಅಭ್ಯಾಸ ಇದ್ದರೆ ಪೆಡಲ್ ಹತ್ತಿರ ಸೇರುವ ಮಣ್ಣನ್ನೂ ಆಗಾಗ ತೆಗೆಯಿರಿ, ದಪ್ಪ ಮ್ಯಾಟ್ ಕ್ಲಚ್‌ನ ಕೆಳಗೆ ಸಿಕ್ಕಿ ಪೆಡಲ್ ಪೂರ್ತಿ ಇಳಿಯದಂತೆ ಆಗಿದೆಯಾ ನೋಡಿ. ಪೆಡಲ್ ಕೊನೆಯವರೆಗೆ ಇಳಿಯದಿದ್ದರೆ ಕೆಳಗಿನ ಸ್ವಿಚ್ ಒತ್ತಿಕೊಳ್ಳುವುದಿಲ್ಲ, ಇಂಜಿನ್ ಎತ್ತುವುದಿಲ್ಲ. ಮ್ಯಾಟ್ ಸರಿ ಮಾಡಲು ಗ್ಯಾರೇಜಿಗೆ ಹೋಗಬೇಕಾಗಿಲ್ಲ.